ಹಳ್ಳದ ನೀರು ಏಕೆ ಕೆಂಪು? ನಮ್ಮ ಮಕ್ಕಳ ನದಿಪಾಠಕ್ಕೆ ನೆರವಾಗಿ

ಆತ್ಮೀಯ ಊರ ಬಂಧುಗಳೇ, ಹಳೆಯ ವಿದ್ಯಾರ್ಥಿಗಳೇ,

ಕಳೆದ ಆಷಾಢದಲ್ಲಿ ಶಾಲೆಯ ಹಿಂದಿನ ಹಳ್ಳ ಕೆಂಪಗೆ ಹರಿಯುತ್ತಿದ್ದಾಗ ಆರನೇ ತರಗತಿಯ ಮಕ್ಕಳು ಅದರ ನೀರನ್ನು ಗಾಜಿನ ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟರು. ಬೆಳಗಾಗುವಷ್ಟರಲ್ಲಿ ನೀರು ತಿಳಿಯಾಗಿ ತಳದಲ್ಲಿ ಮಣ್ಣು ಕುಳಿತಿತ್ತು. "ಸರ್, ಇದು ನಮ್ಮ ಹೊಲದ ಮಣ್ಣೇ" ಎಂದಳು ಒಬ್ಬ ಹುಡುಗಿ. ಅವಳು ಬಣ್ಣದಿಂದಲೇ ಗುರುತು ಹಿಡಿದಿದ್ದಳು.

ಆ ಹಳ್ಳ ಸೇರುವುದು ಕುಮುದ್ವತಿಯನ್ನು. ಹುಂಚದ ಬಳಿ ಹುಟ್ಟಿ, ಶಿಕಾರಿಪುರ, ಹಿರೇಕೆರೂರು ಸೀಮೆಯನ್ನು ಹಾದು, ವಿಜಯನಗರದ ಕಾಲದ ಮದಗ ಮಾಸೂರು ಕೆರೆಯನ್ನು ತುಂಬಿಸುವ ಈ ನದಿ ರಾಣೆಬೆನ್ನೂರು ತಾಲ್ಲೂಕಿನಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಮುಂದೆ ಹೊಸಪೇಟೆಯ ಅಣೆಕಟ್ಟು. 1953ರಲ್ಲಿ 133 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ನೀರು ಹಿಡಿಯುತ್ತಿದ್ದ ಆ ಜಲಾಶಯದಲ್ಲಿ ಈಗ ನಿಲ್ಲುವುದು ಸುಮಾರು 105. ಉಳಿದ ಜಾಗದಲ್ಲಿ ಹೂಳು ತುಂಬಿದೆ. ಕೃಷ್ಣರಾಜಸಾಗರದ ಅರ್ಧಕ್ಕಿಂತ ಹೆಚ್ಚು ನೀರು ಹಿಡಿಯುವಷ್ಟು ಜಾಗ ಅದು! ಆ ಹೂಳೆಲ್ಲ ನಮ್ಮೂರಿನದಲ್ಲ, ಆದರೆ ನಮ್ಮ ಪಾಲೂ ಅದರಲ್ಲಿದೆ. ನಮ್ಮ ದಿಣ್ಣೆಯ ಬದು ಒಡೆದರೆ ಹೊಲವೂ ಬಡವಾಗುತ್ತದೆ, ಕೊಪ್ಪಳ, ರಾಯಚೂರಿನ ಕಾಲುವೆಯ ಕೊನೆಯ ರೈತನ ನೀರೂ ಕಡಿಮೆಯಾಗುತ್ತದೆ.

ಪಠ್ಯದಲ್ಲಿ 'ಜಲಾನಯನ', ಅಂದರೆ ಬಿದ್ದ ಮಳೆಯೆಲ್ಲ ಹರಿದು ಒಂದೇ ಹಳ್ಳ ಅಥವಾ ನದಿಯನ್ನು ಸೇರುವ ಪ್ರದೇಶ, ಎಂಬುದು ಬಾಯಿಪಾಠದ ಪದವಾಗಿ ಉಳಿದಿದೆ. ಅದನ್ನು ಮಕ್ಕಳು ಕಾಲಿನಿಂದ ನಡೆದು ಕಲಿಯಬೇಕೆಂಬುದು ನಮ್ಮ ಆಸೆ. ಮಳೆಗಾಲಕ್ಕೆ ಮುನ್ನ ದಿಣ್ಣೆಯ ನೆತ್ತಿಯಿಂದ ಹಳ್ಳದವರೆಗೆ ನಡೆದು ಕೊರಕಲುಗಳ ನಕ್ಷೆ ಬರೆಯುತ್ತಾರೆ. ಎರಡು ತಗಡಿನ ತಟ್ಟೆಗಳಲ್ಲಿ ಮಣ್ಣು ತುಂಬಿ, ಒಂದರಲ್ಲಿ ಮಾತ್ರ ಗರಿಕೆ ಬೆಳೆಸಿ, ತೂತಿನ ಡಬ್ಬಿಯಿಂದ ಮಳೆ ಸುರಿಸುತ್ತಾರೆ. ಗರಿಕೆಯ ತಟ್ಟೆಯ ನೀರು ತಿಳಿಯಾಗಿ ಇಳಿಯುವುದನ್ನು ನೋಡಿದ ಮಗುವಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ. ಆಮೇಲೆ ಒಡೆದ ಬದುಗಳಿಗೆ ಲಾವಂಚ ನೆಡುವ ಕೆಲಸ. ಕೊನೆಗೆ ಎರಡು ದಿನ, ನದಿಯ ಜೊತೆಜೊತೆಗೇ ಅಣೆಕಟ್ಟಿನವರೆಗೆ ಬಸ್ ಪ್ರಯಾಣ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಅಣೆಕಟ್ಟನ್ನು ಚಿತ್ರದಲ್ಲಷ್ಟೇ ಕಂಡಿದ್ದಾರೆ.

ಮಳೆಮಾಪಕ, ಸಸಿ, ಬಸ್ಸು, ಊಟ ಎಲ್ಲ ಸೇರಿ 85,000 ರೂಪಾಯಿ ಬೇಕು. ಪಾಲಕರ ಸಭೆಯಲ್ಲಿ 22,000 ಕೂಡಿದೆ. ಕೂಲಿಯ ಹಣದಲ್ಲಿ ನೂರು ರೂಪಾಯಿ ತೆಗೆದಿಟ್ಟು ಕೊಟ್ಟ ತಾಯಂದಿರೂ ಇದ್ದಾರೆ. ಉಳಿದದ್ದಕ್ಕೆ ನಿಮ್ಮನ್ನು ಕೇಳುತ್ತಿದ್ದೇವೆ. ಎಷ್ಟು ಕೊಟ್ಟರೂ ರಸೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದುತ್ತೇವೆ. ಹಣ ಕೊಡಲಾಗದವರು ಲಾವಂಚದ ಬುಡ ಕೊಡಬಹುದು, ಇಲ್ಲವೇ ಮಕ್ಕಳನ್ನು ನಿಮ್ಮ ಹೊಲಕ್ಕೆ ಕರೆದು ಬದು ತೋರಿಸಬಹುದು.

ಮೊದಲ ಮಳೆಗೆ ಮುಂಚೆ ಶಾಲಾ ಕಚೇರಿಗೆ ತಿಳಿಸಿ.

ನಿಮ್ಮವರೇ ಆದ,
ಶಾಲಾಭಿವೃದ್ಧಿ ಸಮಿತಿ ಮತ್ತು ಶಿಕ್ಷಕ ವೃಂದ