‘ಆ ವಯಸ್ಸೇ ಹಾಗೆ’ ಎಂದು ಬಿಟ್ಟುಬಿಡಬೇಡಿ

ಮಾನ್ಯ ಸಂಪಾದಕರೇ,

ನಗುತ್ತಾ ಓಡಾಡುತ್ತಿದ್ದ ಮಗು ಹದಿಮೂರು ಹದಿನಾಲ್ಕಕ್ಕೆ ಮಂಕಾದರೆ ದೊಡ್ಡವರು ಹೇಳುವುದು ಒಂದೇ ಮಾತು: ‘ಆ ವಯಸ್ಸೇ ಹಾಗೆ, ಸರಿಹೋಗುತ್ತೆ ಬಿಡಿ.’ ಪ್ರಾಥಮಿಕ, ಪ್ರೌಢ ಎರಡೂ ತರಗತಿಗಳಿಗೆ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು ನಾನು. ಪೋಷಕರ ಸಭೆಗಳಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಬೆಳೆಯುತ್ತಾ ಹೋದಂತೆ ಮಕ್ಕಳಿಗೆ ತಮ್ಮ ಬದುಕಿನ ಬಗ್ಗೆ ತೃಪ್ತಿ ಕಡಿಮೆಯಾಗುವುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ಯುರೋಪ್ ಮತ್ತು ಕೆನಡಾದಲ್ಲಿ ನಾಲ್ಕು ವರ್ಷಕ್ಕೊಮ್ಮೆ 11, 13, 15 ವರ್ಷದ ಮಕ್ಕಳ ಸಮೀಕ್ಷೆ ನಡೆಯುತ್ತದೆ. ಸೊನ್ನೆಯಿಂದ ಹತ್ತರವರೆಗಿನ ಏಣಿಯ ಚಿತ್ರ ಕೊಟ್ಟು, ‘ಈಗ ನೀನು ಯಾವ ಮೆಟ್ಟಿಲ ಮೇಲಿದ್ದೀಯ’ ಎಂದು ಕೇಳುತ್ತಾರೆ. 11ರವರಿಗಿಂತ 15ರವರು ಕೆಳಗಿನ ಮೆಟ್ಟಿಲು ಗುರುತಿಸುತ್ತಾರೆ. ಹುಡುಗಿಯರಲ್ಲಿ ಈ ಇಳಿತ ಇನ್ನೂ ಜಾಸ್ತಿ.

ಇದು ಬರೀ ವಯಸ್ಸಿನ ಕೆಲಸವಾಗಿದ್ದರೆ, ಯಾವ ವರ್ಷ ಕೇಳಿದರೂ ಹದಿನೈದರವರ ಉತ್ತರ ಹೆಚ್ಚುಕಮ್ಮಿ ಒಂದೇ ಇರಬೇಕಿತ್ತು, ಅಲ್ವಾ? ಹಾಗಿಲ್ಲ. ಹಲವು ದೇಶಗಳ ಮಕ್ಕಳ ಕಲಿಕೆ ಅಳೆಯುವ ‘ಪೀಸಾ’ ಎಂಬ ಅಂತರರಾಷ್ಟ್ರೀಯ ಪರೀಕ್ಷೆ ಬರೆಯುವ 15 ವರ್ಷದವರಿಗೂ ಇಂಥದ್ದೇ ಪ್ರಶ್ನೆ ಕೇಳುತ್ತಾರೆ. ಅದನ್ನು ನಡೆಸುವ, ಬಹುಪಾಲು ಶ್ರೀಮಂತ ದೇಶಗಳ ಸಂಘಟನೆಯಾದ ಒಇಸಿಡಿಯ ದೇಶಗಳಲ್ಲಿ ಬದುಕು ತೃಪ್ತಿ ಕೊಡುತ್ತಿಲ್ಲ ಎಂದವರು 2015ರಲ್ಲಿ ಸರಾಸರಿ ಶೇ 11. ಅದು 2018ರಲ್ಲಿ ಶೇ 16 ಆಯಿತು, 2022ರಲ್ಲಿ ಶೇ 18. ವಯಸ್ಸು ಅದೇ. ಬದಲಾಗಿದ್ದು ಅವರ ಸುತ್ತಲಿನ ಬದುಕು.

ನನ್ನ ತರಗತಿಯ ಒಬ್ಬಳು ಹುಡುಗಿ ಕಣ್ಣ ಮುಂದೆ ಬರುತ್ತಾಳೆ. ಐದನೇ ತರಗತಿಯಲ್ಲಿ ಕರೆಯುವ ಮೊದಲೇ ಬೋರ್ಡಿನ ಹತ್ತಿರ ಬರುತ್ತಿದ್ದಳು. ಲೆಕ್ಕ ತಪ್ಪಿದರೆ ಅಂಗೈಯಲ್ಲೇ ಒರೆಸಿ ಮತ್ತೆ ಬರೆಯುತ್ತಿದ್ದಳು. ಎಂಟಕ್ಕೆ ಬರುವಷ್ಟರಲ್ಲಿ ಉತ್ತರ ಸರಿಯಿದ್ದರೂ ತೋಳು ಅಡ್ಡ ಇಟ್ಟು ನೋಟ್‌ಬುಕ್ ಮುಚ್ಚಿಕೊಳ್ಳುತ್ತಿದ್ದಳು. ಆ ಮೂರು ವರ್ಷದಲ್ಲಿ ಅವಳ ಆಟ ನಿಂತಿತ್ತು, ಟ್ಯೂಷನ್ ಶುರುವಾಗಿತ್ತು, ಅಕ್ಕನ ಅಂಕದ ಜೊತೆ ಹೋಲಿಕೆ ದಿನದ ಮಾತಾಗಿತ್ತು. ನಿದ್ದೆಯೂ ಸಾಲುತ್ತಿರಲಿಲ್ಲ. ಹದಿಹರೆಯದಲ್ಲಿ ದೇಹವೇ ತಡವಾಗಿ ನಿದ್ದೆಗೆ ಜಾರುತ್ತದೆ. 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಶಾಲೆಯ ಗಂಟೆ ಮಾತ್ರ ಬೆಳಿಗ್ಗೆ ಅದೇ ಹೊತ್ತಿಗೆ ಹೊಡೆಯುತ್ತದೆ. ಇದರಲ್ಲಿ ವಯಸ್ಸಿನ ಪಾಲೆಷ್ಟು, ನಾವು ಹೇರಿದ್ದೆಷ್ಟು?

ಶಾಲೆಗಳಲ್ಲಿ ನನ್ನ ವಿನಂತಿ ಇಷ್ಟೆ. ಐದನೇ ತರಗತಿಯಿಂದಲೇ ಆ ಏಣಿಯ ಪ್ರಶ್ನೆಯನ್ನು ವರ್ಷಕ್ಕೆರಡು ಸಲ ಕೇಳಿ. ಖರ್ಚಿಲ್ಲ, ಐದು ನಿಮಿಷದ ಕೆಲಸ. ತರಗತಿಯ ಸರಾಸರಿ ತೆಗೆದು ಸುಮ್ಮನಾಗಬೇಡಿ. ಕಳೆದ ಸಲಕ್ಕಿಂತ ಎರಡು ಮೂರು ಮೆಟ್ಟಿಲು ಇಳಿದ ಮಗು ಯಾರು ಎಂದು ನೋಡಿ, ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸಿ. ಎಲ್ಲರ ಮುಂದೆ ಬೇಡ. ಎಂಟರಿಂದ ಹತ್ತರವರೆಗಿನ ಆಟದ ಪಿರಿಯಡ್ಡನ್ನು ಪಾಠಕ್ಕೆ ಕಿತ್ತುಕೊಳ್ಳುವುದನ್ನೂ ನಿಲ್ಲಿಸಿ. ಅಂಕಪಟ್ಟಿಗೆ ಸಹಿ ಹಾಕಲು ಪೋಷಕರು ಬಂದಾಗ, ಮಗು ಹೇಗಿದ್ದಾಳೆ ಎಂಬ ಮಾತೇ ಮೊದಲು ಆಗಲಿ.

– ಒಬ್ಬ ನಿವೃತ್ತ ಗಣಿತ ಶಿಕ್ಷಕಿ