ಹಾಡು ಹಳೆಯದಾದರೂ ದಿನಾಂಕ ಸರಿಯಿರಲಿ

ಸಂಪಾದಕರಿಗೆ,

ಮಾನ್ಯರೇ,

ಎಲ್ವಿಸ್ ಪ್ರೆಸ್ಲಿಯ ಧ್ವನಿಮುದ್ರಿಕೆಗಳು ಮತ್ತೆ ಮತ್ತೆ ಮಾರುಕಟ್ಟೆಗೆ ಬರುತ್ತಿರುವ ಬಗ್ಗೆ ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. 1977ರ ಆಗಸ್ಟ್ 16ರಂದು ತೀರಿಕೊಂಡ ಗಾಯಕನೊಬ್ಬನ ಅವವೇ ಹಾಡುಗಳಿಗೆ ಹೊಸ ಹೊದಿಕೆ ತೊಡಿಸಿ, ಒಮ್ಮೆ ಕೊಂಡವರಿಂದಲೇ ಇನ್ನೊಮ್ಮೆ ಕೊಳ್ಳಿಸುವ ವ್ಯಾಪಾರವಿದು ಎಂಬುದು ಲೇಖಕರ ಒಟ್ಟು ಅಭಿಪ್ರಾಯ. ಆ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ನನ್ನ ಪಿಂಚಣಿಯಲ್ಲಿ ಒಂದು ಪಾಲು ಅದೇ ವ್ಯಾಪಾರಕ್ಕೆ ಸಂದಿದೆ. ಆದರೆ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಪುಸ್ತಕಗಳ ಪಟ್ಟಿ ಮಾಡಿದವಳಿಗೆ ಮರುಮುದ್ರಣವೇ ಬೇರೆ, ಪರಿಷ್ಕೃತ ಆವೃತ್ತಿಯೇ ಬೇರೆ ಎಂಬುದು ತಿಳಿಯದೆ ಇರುವುದಿಲ್ಲ. ಲೇಖಕರು ಇವೆರಡನ್ನೂ ಒಂದೇ ಕಪಾಟಿನಲ್ಲಿಟ್ಟಿದ್ದಾರೆ. ಜೊತೆಗೆ ಒಂದು ತಪ್ಪು ಮಾಹಿತಿಯನ್ನೂ ಕೊಟ್ಟಿದ್ದಾರೆ. ಈ ಪತ್ರ ಬರೆಯಲು ಅದೇ ಕಾರಣ.

1972ರ ಜೂನ್ 9ರಿಂದ 11ರವರೆಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಪ್ರೆಸ್ಲಿ ನಾಲ್ಕು ಕಛೇರಿ ನಡೆಸಿದ್ದು ನಿಜ. ಆದರೆ ಆಗ ಹೊರಬಂದ ಆಲ್ಬಂ ಆ ನಾಲ್ಕರಿಂದ ಆಯ್ದು ಜೋಡಿಸಿದ್ದು ಎಂದು ಲೇಖನದಲ್ಲಿರುವುದು ಸರಿಯಲ್ಲ. ಅದು ಜೂನ್ 10ರ ಸಂಜೆಯ ಕಛೇರಿಯೊಂದರದ್ದು; ಎಂಟೇ ದಿನಗಳಲ್ಲಿ, ಅಂದರೆ 18ರಂದು, ಅಂಗಡಿಗೆ ಬಂದಿತು. ಜೂನ್ 10ರ ಮಧ್ಯಾಹ್ನದ ಕಛೇರಿಯನ್ನೂ ಪ್ರೆಸ್ಲಿಯ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ಆರ್‌ಸಿಎ ಕಂಪನಿಯವರು ಮುದ್ರಿಸಿಕೊಂಡಿದ್ದರು. ಆದರೆ ಅದು ಇಡಿಯಾಗಿ ಹೊರಬರಲು 1997 ಆಗಬೇಕಾಯಿತು. 2012ರಲ್ಲಿ ಎರಡೂ ಕಛೇರಿಗಳು ಹೊಸದಾಗಿ ಮಿಕ್ಸ್ ಆಗಿ ಒಂದೇ ಪೆಟ್ಟಿಗೆಯಲ್ಲಿ ಬಂದವು.

ಈ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೇಳದ ಹೊರತು ನಾನು ಹೇಳುತ್ತಿರುವುದು ಹಟದ ಮಾತಿನಂತೆ ಕಾಣಬಹುದು. ಸಂಜೆಯ ಕಛೇರಿ ಓಟದ ಕುದುರೆಯಂತೆ ಸಾಗುತ್ತದೆ. ಒಂದು ಹಾಡಿನ ಚಪ್ಪಾಳೆ ಇಳಿಯುವ ಮೊದಲೇ ಇನ್ನೊಂದರ ಡ್ರಮ್ಸ್ ಶುರುವಾಗಿರುತ್ತದೆ. ಮಧ್ಯಾಹ್ನದ್ದರಲ್ಲಿ ಸಂಜೆ ಹಾಡದ ಕೆಲವು ಹಾಡುಗಳಿವೆ, ಅವುಗಳಲ್ಲಿ ಒಂದು ಹಳೆಯ ಬ್ಲೂಸ್. ಅದನ್ನು ಹಾಡುವಾಗ ಆತ ಎಲ್ಲಿಗೂ ಹೊರಡುವ ಅವಸರವಿಲ್ಲದವನಂತೆ ಗಿಟಾರಿನವನಿಗೆ ಜಾಗ ಬಿಟ್ಟುಕೊಟ್ಟು ನಿಲ್ಲುತ್ತಾನೆ. ಒಬ್ಬನೇ ಮನುಷ್ಯ, ಒಂದೇ ವೇದಿಕೆ, ನಡುವೆ ಕೆಲವು ಗಂಟೆಗಳ ಅಂತರ ಅಷ್ಟೆ. ಧಾರವಾಡದಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಒಂದು ರಾಗದ ಒಂದು ಟೇಪು ತಮ್ಮಲ್ಲಿದೆಯೆಂದು ಅದೇ ರಾಗದ ಮತ್ತೊಂದು ಮೆಹಫಿಲನ್ನು ಬೇಡವೆಂದವರನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ. ರಾಕ್ ಅಂಡ್ ರೋಲ್ ಗಾಯಕನ ಮಾತು ಬಂದಾಗ ಮಾತ್ರ ಎರಡನೆಯ ಕಛೇರಿಯನ್ನು ಮರುಮಾರಾಟ ಎನ್ನುವುದು ಏಕೆ ಎಂದು ನನಗೆ ಅರ್ಥವಾಗಿಲ್ಲ.

ಲೇಖಕರ ದೂರು ನಿಜವಾಗಿ ಸಲ್ಲಬೇಕಾದ ಜಾಗ ಬೇರೆ ಇದೆ. ಧ್ವನಿಮುದ್ರಿಕೆಯ ಹೊದಿಕೆಯ ಮೇಲೆ ಅಚ್ಚಾದ ಮಾತಿಗೂ ಒಳಗಿರುವ ಶಬ್ದಕ್ಕೂ ತಾಳೆಯಾಗದಿರುವುದೇ ಅದು. 1970ರಲ್ಲಿ ಬಂದ 'ಆನ್ ಸ್ಟೇಜ್' ಆಲ್ಬಮ್ಮಿನ ಮುಖದ ಮೇಲೆ ಆ ವರ್ಷದ ಫೆಬ್ರವರಿ ಎಂದು ಅಚ್ಚಾಗಿದೆ. ಒಳಗಿನ ಎರಡು ಹಾಡುಗಳು ಅದರ ಹಿಂದಿನ ವರ್ಷದ ಆಗಸ್ಟ್ ತಿಂಗಳವು. ಅದೇ 1970ರ ಕೊನೆಗೆ, ಲಾಸ್ ವೇಗಸ್ಸಿನ ಕಛೇರಿಗಳ ಸಾಕ್ಷ್ಯಚಿತ್ರದ ಹೆಸರಿನಲ್ಲೇ ಬಂದ 'ದಟ್ಸ್ ದ ವೇ ಇಟ್ ಈಸ್' ಆಲ್ಬಮ್ಮನ್ನು ನೋಡಿದರೆ, ಅದರ ಹನ್ನೆರಡು ಹಾಡುಗಳಲ್ಲಿ ವೇದಿಕೆಯ ಮೇಲೆ ಹಾಡಿದವು ನಾಲ್ಕೇ ನಾಲ್ಕು, ಮಿಕ್ಕವು ನ್ಯಾಶ್‌ವಿಲ್ಲಿನ ಸ್ಟುಡಿಯೋದವು. ಕೊನೆಯ ಹಾಡಿಗೆ ಚಪ್ಪಾಳೆಯನ್ನು ಆಮೇಲೆ ಅಂಟಿಸಲಾಗಿದೆ. ಅಣ್ಣ ಹುಬ್ಬಳ್ಳಿಯಲ್ಲಿ ಕೊಂಡುತಂದ ಎಲ್‌ಪಿಯಲ್ಲಿ ಆ ಚಪ್ಪಾಳೆಯನ್ನು ಹುಡುಗಿಯಾಗಿದ್ದಾಗ ಕೇಳಿ ಮೈನವಿರೇಳಿಸಿಕೊಂಡವಳು ನಾನು. ಅದು ಹುಸಿ ಎಂದು ತಿಳಿದ ದಿನ ನನಗೆ ಆದದ್ದು ಕೋಪವಲ್ಲ, ಒಂದು ರೀತಿಯ ನಾಚಿಕೆ.

ಈ ಹುಸಿಯನ್ನು ಬಯಲಿಗೆಳೆದು ಸರಿಪಡಿಸಿದ್ದು ಮರುಬಿಡುಗಡೆಗಳೇ ಎಂಬುದನ್ನು ಲೇಖಕರು ಗಮನಿಸಬೇಕಿತ್ತು. 2014ರಲ್ಲಿ ಅದೇ ಹೆಸರಿನಲ್ಲಿ ಬಂದ, ಎಂಟು ಸಿಡಿಗಳ ದೊಡ್ಡ ಪೆಟ್ಟಿಗೆಯಲ್ಲಿ 1970ರ ಆಗಸ್ಟ್ ತಿಂಗಳ ಆರು ಕಛೇರಿಗಳನ್ನು ದಿನಾಂಕ ಸಮೇತ ಇಡಿಯಾಗಿ ಕೊಡಲಾಗಿದೆ. 2019ರಲ್ಲಿ ಬಂದ ಹನ್ನೊಂದು ಸಿಡಿಗಳ ಪೆಟ್ಟಿಗೆ 1969ರ ಆಗಸ್ಟ್‌ನದ್ದು. ಏಳೆಂಟು ವರ್ಷ ಸಿನಿಮಾಗಳಲ್ಲೇ ಕಳೆದು, 1961ರ ಮಾರ್ಚ್‌ನಲ್ಲಿ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಯುದ್ಧನೌಕೆಯ ಸ್ಮಾರಕಕ್ಕಾಗಿ ಹಾಡಿದ ಮೇಲೆ ಸಾರ್ವಜನಿಕ ಕಛೇರಿಯನ್ನೇ ಕೈಬಿಟ್ಟಿದ್ದ ಮನುಷ್ಯ, ಲಾಸ್ ವೇಗಸ್ಸಿನ ಇಂಟರ್‌ನ್ಯಾಷನಲ್ ಹೋಟೆಲಿನಲ್ಲಿ ಮತ್ತೆ ಜನರೆದುರು ನಿಂತ ತಿಂಗಳದು. ಮೊದಲ ಕೆಲವು ಹಾಡುಗಳಲ್ಲಿ ಉಸಿರು ಸಾಲದೆ ಆತ ನೀರು ಕೇಳುವುದೂ, ತನ್ನ ಸಿನಿಮಾಗಳನ್ನು ತಾನೇ ಗೇಲಿ ಮಾಡಿಕೊಳ್ಳುವುದೂ ಕತ್ತರಿಗೆ ಸಿಕ್ಕದೆ ಉಳಿದಿವೆ. ಹಳಗನ್ನಡ ಕಾವ್ಯವನ್ನು ಸಂಪಾದಿಸುವವರು ಯಾವ ಓಲೆಪ್ರತಿಯಲ್ಲಿ ಯಾವ ಪಾಠವಿದೆ ಎಂದು ಅಡಿಟಿಪ್ಪಣಿ ಕೊಟ್ಟು, ಓದುಗನೇ ತೂಗಿ ನೋಡಲಿ ಎಂದು ಬಿಡುತ್ತಾರೆ. ಈ ಪೆಟ್ಟಿಗೆಗಳ ಕೆಲಸವೂ ಅಂಥದ್ದೇ.

ಅದೇ 1969ರ ಆಗಸ್ಟ್ 26ರ ನಡುರಾತ್ರಿಯ ಕಛೇರಿಯ ಒಂದು ಹಾಡನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಒಂಟಿತನದ ಬಗೆಗಿನ ತನ್ನ ಪ್ರಸಿದ್ಧ ಹಾಡಿನಲ್ಲಿ ಆತ ಒಂದು ಸಾಲನ್ನು ಬೋಳುತಲೆಯವರ ಮೇಲಿನ ತಮಾಷೆಯಾಗಿ ತಿರುಗಿಸುತ್ತಾನೆ, ತಿರುಗಿಸಿದ್ದೇ ನಗು ತಡೆಯಲಾರದೆ ಹೋಗುತ್ತಾನೆ. ವಾದ್ಯದವರು ನಿಲ್ಲಿಸುವುದಿಲ್ಲ. ಹಿಂದೆ ನಿಂತ ಗಾಯಕಿ ಏನೂ ಆಗಿಲ್ಲವೆಂಬಂತೆ ತಾರಸ್ಥಾಯಿಯಲ್ಲಿ ತನ್ನ ಆಲಾಪವನ್ನು ಮುಂದುವರಿಸುತ್ತಾಳೆ. ಆ ಗಾಂಭೀರ್ಯ ಕಿವಿಗೆ ಬಿದ್ದಷ್ಟೂ ಆತನ ನಗು ಉಕ್ಕುತ್ತದೆ. ಹಾಡಿನ ನಡುವೆ ಮಾತಿನಲ್ಲಿ ಹೇಳಬೇಕಾದ ಭಾಗ ಬಂದಾಗಲಂತೂ ಪದಗಳೇ ಹೊರಡುವುದಿಲ್ಲ. ಆ ಕಾಲದ ಕಂಪನಿಗೆ ಇದು ಕೆಟ್ಟುಹೋದ ಮುದ್ರಣ. 1980ರಲ್ಲಿ ಎಂಟು ಎಲ್‌ಪಿಗಳ ಪೆಟ್ಟಿಗೆಯೊಂದರಲ್ಲಿ ಅದನ್ನು ಸೇರಿಸಿದಾಗ ಜನ ಮುಗಿಬಿದ್ದು ಕೇಳಿದರು, 1982ರಲ್ಲಿ ಇಂಗ್ಲೆಂಡಿನಲ್ಲಿ ಅದು ಬಿಡಿ ತಟ್ಟೆಯಾಗಿಯೂ ಚೆನ್ನಾಗಿ ಮಾರಾಟವಾಯಿತು. ಮೇಲೆ ಹೇಳಿದ 1961ರ ಹವಾಯಿ ಕಛೇರಿಯೂ ಇಡಿಯಾಗಿ ನಮಗೆ ದಕ್ಕಿದ್ದು ಇದೇ ಪೆಟ್ಟಿಗೆಯಿಂದ.

ಕಂಪನಿಯವರು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಾರೆಂದು ಇದರ ಅರ್ಥವಲ್ಲ. ಮೆಂಫಿಸ್ ನಗರದ ಸನ್ ಸ್ಟುಡಿಯೋದಲ್ಲಿ 1954ರ ಜುಲೈನಲ್ಲಿ ಸ್ಯಾಮ್ ಫಿಲಿಪ್ಸ್ ಮುದ್ರಿಸಿದ ಮೊದಲ ಹಾಡುಗಳು ಮೊನೋ ಮುದ್ರಣಗಳು, ಅಂದರೆ ಎಲ್ಲ ದನಿಯೂ ಎಡ-ಬಲವೆಂದು ಬೇರೆಯಾಗದೆ ಒಂದರಲ್ಲೇ ಕೂಡಿದವು; ಒಂದು ಗಿಟಾರು, ಒಂದು ಡಬಲ್ ಬಾಸ್, ಪ್ರೆಸ್ಲಿಯ ಕೈಯಲ್ಲೇ ಇನ್ನೊಂದು ಗಿಟಾರು, ಟೇಪಿನಿಂದ ಹುಟ್ಟಿಸಿದ ಒಂದಿಷ್ಟು ಮಾರ್ದನಿ, ಇಷ್ಟೇ ಅದರ ಸಂಪತ್ತು. 1955ರಲ್ಲಿ ಗಾಯಕನ ಒಪ್ಪಂದವನ್ನು 35,000 ಡಾಲರಿಗೆ ಕೊಂಡ ಆರ್‌ಸಿಎ, ಸ್ಟೀರಿಯೋದ ಹುಚ್ಚು ಹತ್ತಿದ ಅರವತ್ತರ ದಶಕದಲ್ಲಿ ಅವನ ಮೊನೋ ಆಲ್ಬಂಗಳನ್ನು ಎಲೆಕ್ಟ್ರಾನಿಕ್ ಉಪಾಯದಿಂದ ಎರಡು ಪಾಲು ಮಾಡಿ, ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಎಂದು ಹಂಚಿ ಮತ್ತೆ ಮಾರಿತು. ಕೇಳಿದರೆ ಹಾಡುವವನು ಸಿಮೆಂಟಿನ ಕೊಳವೆಯೊಳಗೆ ಕುಳಿತಂತಿರುತ್ತದೆ. ಕೆಲವು ವರ್ಷಗಳ ಹಿಂದೆ ಅಂಚೆಯಲ್ಲಿ ತಟ್ಟೆ ಮಾರುವವರೊಬ್ಬರು ಮೂಲ ಮೊನೋದಿಂದ ಹೊಸದಾಗಿ ತೆಗೆದದ್ದೆಂದು ಹೇಳಿ ಕಳಿಸಿದ ಎಲ್‌ಪಿಯನ್ನು ನಾನು ಸಂಭ್ರಮದಿಂದ ಹಚ್ಚಿದೆ. ಎರಡನೆಯ ಸಾಲಿಗೇ ಆ ಕೊಳವೆಯ ಸದ್ದು ಕೇಳಿಸಿತು. ವಾಪಸು ತೆಗೆದುಕೊಳ್ಳಲು ಒಪ್ಪದ ಅವರು, ಕೇಳಲು ಚೆನ್ನಾಗಿಯೇ ಇದೆಯಲ್ಲ ಮೇಡಂ ಎಂದರು. ಅದನ್ನು ಈಗ ಮೊಮ್ಮಗಳು ಗೋಡೆಗೆ ನೇತುಹಾಕಿಕೊಂಡಿದ್ದಾಳೆ.

ಯುರೋಪಿನಲ್ಲಿ ಧ್ವನಿಮುದ್ರಣದ ಹಕ್ಕಿನ ಅವಧಿ ಬಹುಕಾಲ ಐವತ್ತು ವರ್ಷವಿತ್ತು. ಅದನ್ನು ಎಪ್ಪತ್ತಕ್ಕೆ ಏರಿಸುವ ಹೊತ್ತಿಗೆ 1962ರವರೆಗಿನ ಬಿಡುಗಡೆಗಳು ಹಕ್ಕಿನ ಹಿಡಿತದಿಂದ ಜಾರಿದ್ದವು. ಅಲ್ಲಿಂದ ಯಾರು ಬೇಕಾದರೂ ಪ್ರೆಸ್ಲಿಯ ಆರಂಭದ ಹಾಡುಗಳನ್ನು ಒತ್ತಿ ಮಾರಬಹುದಾಯಿತು. ಅಗ್ಗದ ಸಿಡಿಗಳ ಮಹಾಪೂರ ಬಂದದ್ದು ಹೀಗೆ. ಅವುಗಳಲ್ಲಿ ಹಲವಕ್ಕೆ ಮೂಲ ಟೇಪಿನ ಗಂಧವೂ ತಾಗಿಲ್ಲ. ಲೇಖಕರ ಸಿಟ್ಟು ಇವುಗಳ ಮೇಲಾಗಿದ್ದರೆ ನಾನೂ ಅವರ ಪಕ್ಕದಲ್ಲಿ ನಿಲ್ಲುತ್ತಿದ್ದೆ.

ಇದಕ್ಕೆ ಎದುರಾಗಿ ನಿಲ್ಲುವುದು 1999ರಲ್ಲಿ ಸಂಗ್ರಹಕಾರರಿಗೆಂದೇ ಹುಟ್ಟಿದ 'ಫಾಲೋ ದಟ್ ಡ್ರೀಮ್' ಎಂಬ ಲೇಬಲ್. ಕಂಪನಿಯ ಟೇಪು ಭಂಡಾರವನ್ನು ವರ್ಷಗಟ್ಟಲೆ ತಡಕಾಡಿದ ಡೆನ್ಮಾರ್ಕಿನ ಅರ್ನ್ಸ್ಟ್ ಯೋರ್ಗೆನ್ಸನ್ ಅವರು ಅದರ ಹಿಂದಿನ ಶಕ್ತಿ. ಸ್ಟುಡಿಯೋದಲ್ಲಿ ಅರ್ಧಕ್ಕೆ ನಿಂತ ಟೇಕ್‌ಗಳು, ಸೌಂಡ್‌ಬೋರ್ಡಿನಿಂದ, ಅಂದರೆ ಕಛೇರಿಯ ಮೈಕುಗಳ ಧ್ವನಿಯನ್ನು ಹೊಂದಿಸುವ ಯಂತ್ರದಿಂದ, ನೇರವಾಗಿ ಇಳಿಸಿಕೊಂಡ ಕಛೇರಿಗಳು ಇಲ್ಲಿಂದ ಬಂದಿವೆ. ಸೌಂಡ್‌ಬೋರ್ಡಿನ ಮುದ್ರಣಗಳಲ್ಲಿ ಸೊಗಸು ಕಡಿಮೆ. ಪ್ರೇಕ್ಷಕರ ಗದ್ದಲ ದೂರದ ಸಂತೆಯಂತೆ ಕೇಳುತ್ತದೆ, ದನಿ ಮಾತ್ರ ಕಿವಿಯ ಪಕ್ಕದಲ್ಲೇ ಇರುತ್ತದೆ. ಆಲ್ಬಂ ಮಾಡಲೆಂದು ಮುದ್ರಿಸಿದ್ದಲ್ಲದ ಕಾರಣ ಆ ದನಿಗೆ ಯಾವ ಪ್ರಸಾಧನವೂ ಇಲ್ಲ. ತಪ್ಪಿದ ಪದ, ಕೆಮ್ಮು, ಬೇಸರ ಎಲ್ಲವೂ ಇದ್ದಲ್ಲೇ ಇವೆ. ಹೊದಿಕೆಯ ಮೇಲೆ ಊರು ಮತ್ತು ದಿನಾಂಕವನ್ನು ಹೇಳಿದ ಮೇಲೆ ಶಬ್ದ ಸ್ವಲ್ಪ ಒರಟಾಗಿದ್ದರೆ ನನ್ನ ತಕರಾರಿಲ್ಲ.

ವೇದಿಕೆಯಿಂದ ಬಂದದ್ದೆಲ್ಲ ಚಿನ್ನವೆಂದೂ ನಾನು ವಾದಿಸುತ್ತಿಲ್ಲ. 1974ರಲ್ಲಿ ಪ್ರೆಸ್ಲಿಯ ಮ್ಯಾನೇಜರ್ ಕರ್ನಲ್ ಪಾರ್ಕರ್ ಹೊರತಂದ ಒಂದು ತಟ್ಟೆಯಲ್ಲಿ ಹಾಡೇ ಇಲ್ಲ. ಕಛೇರಿಗಳ ನಡುವಿನ ಮಾತು, ನಗೆಚಾಟಿಕೆಗಳನ್ನಷ್ಟೇ ಕತ್ತರಿಸಿ ಪೋಣಿಸಲಾಗಿದೆ. ಯಾವ ಮಾತು ಯಾವ ಊರಿನದು ಎಂದು ತಲೆಕೆಡಿಸಿಕೊಂಡರೂ ತಿಳಿಯುವುದಿಲ್ಲ. ನನ್ನ ಸಂಗ್ರಹದಲ್ಲಿ ಒಮ್ಮೆ ಮಾತ್ರ ಕೇಳಿದ ತಟ್ಟೆ ಅದೊಂದೇ. 1977ರ ಜೂನ್‌ನಲ್ಲಿ ಒಮಾಹ ಮತ್ತು ರ‍್ಯಾಪಿಡ್ ಸಿಟಿಗಳಲ್ಲಿ ದೂರದರ್ಶನಕ್ಕಾಗಿ ಮುದ್ರಿಸಿದ ಕಛೇರಿಗಳ ಆಲ್ಬಮ್ಮನ್ನು ನಾನು ಹೊರಗೆ ತೆಗೆಯುವುದು ಅಪರೂಪ, ಅದಕ್ಕೆ ಕಾರಣ ಬೇರೆ. ಸಾವಿಗೆ ಎರಡು ತಿಂಗಳೂ ಇಲ್ಲದ ಆ ದನಿಯಲ್ಲಿ ಅಲ್ಲಲ್ಲಿ ಹಳೆಯ ಬಲ ಭಗ್ಗನೆ ಹೊತ್ತಿಕೊಳ್ಳುತ್ತದೆ, ಮರುಕ್ಷಣ ಉಸಿರು ಕುಸಿಯುತ್ತದೆ. ಕೇಳಲು ಕಷ್ಟವೆಂದು ಅದನ್ನು ಪಟ್ಟಿಯಿಂದ ಅಳಿಸಬೇಕೆಂದು ಮಾತ್ರ ನನಗೆ ಅನಿಸಿಲ್ಲ.

ನಾನು ಒಪ್ಪದಿರುವುದು ಗಾಯಕ ಹೋದ ಮೇಲೆ ಅವನ ದನಿಯ ಸುತ್ತ ಹೊಸ ವಾದ್ಯ ಕಟ್ಟುವುದನ್ನು. 1981ರ 'ಗಿಟಾರ್ ಮ್ಯಾನ್' ಆಲ್ಬಮ್ಮಿನಲ್ಲಿ ಹಳೆಯ ಹಾಡುಗಳಿಗೆ ಹೊಸ ವಾದ್ಯಗಳನ್ನು ಕೂಡಿಸಿದರು. 2015ರಲ್ಲಿ ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದವನ್ನೇ ಹಿಂದೆ ಕೂರಿಸಿದರು. ಅದು ಚೆನ್ನಾಗಿ ಮಾರಾಟವಾಯಿತೆಂಬುದನ್ನು ಬಲ್ಲೆ. 2020ರಲ್ಲಿ ಬಂದ ನಾಲ್ಕು ಸಿಡಿಗಳ ಪೆಟ್ಟಿಗೆ ಇದಕ್ಕೆ ತದ್ವಿರುದ್ಧ: 1970ರ ನ್ಯಾಶ್‌ವಿಲ್ ಮುದ್ರಣಗಳಿಗೆ ಆಮೇಲೆ ಸೇರಿಸಿದ್ದ ತಂತಿವಾದ್ಯ, ಹಿಮ್ಮೇಳಗಳನ್ನು ಕಳಚಿ, ಆ ದಿನ ಆ ಕೋಣೆಯಲ್ಲಿ ಇದ್ದವರು ನುಡಿಸಿದ್ದನ್ನಷ್ಟೇ ಉಳಿಸಲಾಗಿದೆ. ಎರಡಕ್ಕೂ ಅಂಗಡಿಯವರು ಹೊಸ ಎಲ್ವಿಸ್ ಎಂಬ ಒಂದೇ ಚೀಟಿ ಅಂಟಿಸುತ್ತಾರೆ.

ಕೊಳ್ಳುವವರಿಗೆ ಒಂದು ಸಣ್ಣ ಮಾತನ್ನೂ ಹೇಳಬೇಕು. ತೊಂಬತ್ತರ ದಶಕದ ದಪ್ಪ ಸಿಡಿ ಡಬ್ಬಿಗಳಲ್ಲಿ ತಟ್ಟೆ ಅಲ್ಲಾಡದಿರಲೆಂದು ತೆಳ್ಳನೆಯ ಸ್ಪಂಜನ್ನು ಇಡುತ್ತಿದ್ದರು. ಕಾಲಾಂತರದಲ್ಲಿ ಅದು ಕರಗಿ ಜಿಗಟಾಗಿ ತಟ್ಟೆಗೆ ಹತ್ತಿಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಅದಕ್ಕೆ ಹೆಚ್ಚು ಕಾಲವೂ ಬೇಡ. ಡಬ್ಬಿ ತೆರೆದು ಮೊದಲು ಅದನ್ನು ಕಿತ್ತು ಬಿಸಾಡುವುದು ಒಳ್ಳೆಯದು. ಎರಡು ತಟ್ಟೆ ಕಳೆದುಕೊಂಡ ಮೇಲೆ ನನಗೆ ಬಂದ ಬುದ್ಧಿ ಇದು. ಹೊದಿಕೆ, ಕಿರುಪುಸ್ತಿಕೆ ಮಾತ್ರ ಬಿಸಾಡಬೇಡಿ, ಊರು ಮತ್ತು ದಿನಾಂಕ ಇರುವುದು ಅಲ್ಲಿಯೇ.

ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಆಲ್ಬಂ ಕುರಿತ ತಪ್ಪನ್ನು ಮುಂದಿನ ಪುರವಣಿಯಲ್ಲಿ ತಿದ್ದಿ ಪ್ರಕಟಿಸಬೇಕೆಂದು ಕೋರುತ್ತೇನೆ. ಲೇಖಕರು ಧಾರವಾಡದ ಕಡೆ ಬಂದರೆ ಜೂನ್ 10ರ ಮಧ್ಯಾಹ್ನವನ್ನೂ ಸಂಜೆಯನ್ನೂ ಒಂದರ ಹಿಂದೊಂದು ಕೇಳಿಸಲು ಸಿದ್ಧಳಿದ್ದೇನೆ. ಎರಡಕ್ಕೂ ಸೇರಿ ಎರಡು ಗಂಟೆ ಬಿಡುವು ಮಾಡಿಕೊಂಡು ಬರಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕಿ, ಧಾರವಾಡ