ಈಜುಕೊಳದ ಹೊದಿಕೆ ಮಗುವಿನ ಭಾರ ತಡೆಯುವುದೇ ಎಂದು ಕೇಳಿ ಕೊಳ್ಳಬೇಕು

ಮಾನ್ಯ ಸಂಪಾದಕರೇ,

ನೆಲ ಅಗೆಯದೆ ಅಂಗಳದಲ್ಲೇ ನಿಲ್ಲಿಸಬಹುದಾದ ಈಜುಕೊಳಗಳ ಕುರಿತ ಜಾಹೀರಾತುಗಳೂ ಬರಹಗಳೂ ಬೇಸಿಗೆಯ ಹೊತ್ತಿಗೆ ಹೆಚ್ಚುತ್ತವೆ. ಕೊಳದ ಅಳತೆ, ಪಂಪು, ಫಿಲ್ಟರ್‌ಗಳ ವಿವರ ಅವುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹೊದಿಕೆಯ ವಿಷಯ ಮಾತ್ರ ‘ಕವರ್ ಸಹಿತ’ ಎಂಬಲ್ಲಿಗೆ ಮುಗಿದುಹೋಗುತ್ತದೆ. ಆ ಕವರ್ ಯಾವ ಕೆಲಸಕ್ಕೆ ಆಗುತ್ತದೆ, ಯಾವ ಕೆಲಸಕ್ಕೆ ಆಗುವುದಿಲ್ಲ ಎಂಬುದನ್ನು ಹೇಳದೆ ಬಿಡುವುದು ಸಣ್ಣ ಲೋಪವಲ್ಲ. ಎಲೆ, ಧೂಳು ಬೀಳದಿರಲೆಂದು ತಯಾರಿಸಿದ ಹಾಳೆಯನ್ನೇ ಮಗು ಬೀಳದಂತೆ ಕಾಯುವ ಹೊದಿಕೆಯೆಂದು ನಂಬಿ ನಿಗಾ ಸಡಿಲಿಸಿದ ಮನೆಗೆ, ಹೊದಿಕೆಯೇ ಇಲ್ಲದೆ ಎಚ್ಚರದಿಂದಿರುವ ಮನೆಗಿಂತ ಹೆಚ್ಚಿನ ಅಪಾಯವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹೊದಿಕೆಯೇ ಬೇಡವೆಂದು ನಾನು ಹೇಳುತ್ತಿಲ್ಲ. ಬಯಲಿನಲ್ಲಿರುವ ಕೊಳವು ಶಾಖವನ್ನೂ ನೀರನ್ನೂ ಕಳೆದುಕೊಳ್ಳುವುದು ಬಹುಮಟ್ಟಿಗೆ ಆವಿಯ ಮೂಲಕ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಸುಮಾರು 4.2 ಕಿಲೋಜೌಲ್ ಶಾಖ ಸಾಕು; ಅದೇ ಒಂದು ಲೀಟರ್ ಆವಿಯಾಗುವಾಗ ಸುಮಾರು 2,400 ಕಿಲೋಜೌಲ್ ಶಾಖವನ್ನು ಸೆಳೆದುಕೊಂಡು ಹೋಗುತ್ತದೆ. ಹಾಗಾಗಿ ಒಂದು ಮೀಟರ್ ಆಳದ ನೀರು ದಿನಕ್ಕೆ ಐದು ಮಿಲಿಮೀಟರ್‌ನಷ್ಟು ಆವಿಯಾಗಿ ಇಳಿದರೂ, ಉಳಿದ ನೀರನ್ನೆಲ್ಲ ಹತ್ತಿರ ಹತ್ತಿರ ಮೂರು ಡಿಗ್ರಿ ತಣಿಸುವಷ್ಟು ಶಾಖ ಅದರ ಜೊತೆಗೆ ಹೋದಂತಾಗುತ್ತದೆ. ಕೊಳವನ್ನು ಮುಚ್ಚಿಟ್ಟರೆ ಮತ್ತೆ ತುಂಬಿಸಬೇಕಾದ ನೀರಿನಲ್ಲಿ ಶೇಕಡಾ 30ರಿಂದ 50ರಷ್ಟು ಉಳಿತಾಯವಾಗುತ್ತದೆ ಎಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನೀರನ್ನು ಲೆಕ್ಕವಿಟ್ಟು ಬಳಸಬೇಕಾದ ಯಾರಿಗಾದರೂ ಇಷ್ಟೇ ಕಾರಣ ಸಾಕು.

ಈ ಕೆಲಸಕ್ಕೆ ತಕ್ಕದ್ದು ನೀರಿನ ಮೇಲೆ ತೇಲುವ, ಒಂದು ಮೈಯಲ್ಲಿ ಗಾಳಿಗುಳ್ಳೆಗಳಿರುವ ಪ್ಲಾಸ್ಟಿಕ್ ಹಾಳೆ. ಸೋಲಾರ್ ಕವರ್ ಎಂದೋ ಬಬಲ್ ಕವರ್ ಎಂದೋ ಅದನ್ನು ಮಾರುತ್ತಾರೆ. ಗುಳ್ಳೆಗಳಿರುವ ಮೈ ಕೆಳಮುಖವಾಗಿ ನೀರಿಗೆ ತಾಗಿರಬೇಕು. ಕೊಳದ ಒಳ ಅಳತೆಯನ್ನು ನೋಡಿ ಹಾಳೆಯನ್ನು ಕೊಳ್ಳಬೇಕು. ಕೊಂಡ ಮೇಲೆ ಒಂದೆರಡು ದಿನ ನೀರಿನ ಮೇಲೆ ಹರಡಿ, ಮಡಿಕೆಯೆಲ್ಲ ಬಿಟ್ಟುಕೊಂಡ ನಂತರವೇ ಅಂಚನ್ನು ಕತ್ತರಿಸಿ ಹೊಂದಿಸಬೇಕು. ನೀರು ಬೆಚ್ಚಗಾಗಬೇಕೆಂದರೆ ಬಿಸಿಲನ್ನು ಒಳಗೆ ಬಿಡುವ ಪಾರದರ್ಶಕ ಹಾಳೆ ಒಳ್ಳೆಯದು. ಆದರೆ ಸೆಕೆಯ ದಿನಗಳಲ್ಲಿ ಹಗಲಿಡೀ ಮುಚ್ಚಿದ ಕೊಳದ ನೀರು ಹಿತವೆನಿಸದಷ್ಟು ಬಿಸಿಯೇರುತ್ತದೆ, ಬಿಸಿಯೇರಿದ ನೀರಿನಲ್ಲಿ ಪಾಚಿಯೂ ಬೇಗ ಹಿಡಿಯುತ್ತದೆ. ಅಂಥ ದಿನಗಳಲ್ಲಿ ರಾತ್ರಿಯ ಹೊತ್ತು ತೆರೆದಿಟ್ಟು ನೀರನ್ನು ತಣಿಯಲು ಬಿಡಬೇಕು. ಹೆಚ್ಚಿನ ಪ್ರಮಾಣದ ಕ್ಲೋರಿನ್ ಹಾಕಿ ನೀರನ್ನು ಶುದ್ಧಿ ಮಾಡುವಾಗ ಹಾಳೆಯನ್ನು ಪೂರ್ತಿ ತೆಗೆದಿಡಬೇಕು, ಇಲ್ಲವಾದರೆ ಹಾಳೆಯೇ ಸವೆದು ಗುಳ್ಳೆಗಳು ಒಡೆಯತೊಡಗುತ್ತವೆ. ತೆಗೆದ ಹಾಳೆಯನ್ನು ಮಡಚಿ ಬಿಸಿಲಿನಲ್ಲಿ ಬಿಟ್ಟರೂ ಒಳಪದರಗಳಲ್ಲಿ ಶಾಖ ಕೂಡಿಕೊಂಡು ಅದೇ ಗತಿಯಾಗುತ್ತದೆ; ನೆರಳಿನಲ್ಲಿಡಬೇಕು, ಇಲ್ಲವೇ ಮೇಲೊಂದು ಬಿಳಿ ಬಟ್ಟೆ ಹೊದಿಸಬೇಕು.

ದಪ್ಪವಾದಷ್ಟೂ ಹಾಳೆ ಉತ್ತಮ ಎಂದು ಮಾರುವವರು ಹೇಳುವುದುಂಟು. ಬಿಸಿಲಿನ ಅತಿನೇರಳೆ ಕಿರಣಗಳನ್ನು ತಾಳುವಂತೆ ಸಿದ್ಧಪಡಿಸಿದ್ದಾದರೆ ದಪ್ಪ ಹಾಳೆ ಹೆಚ್ಚು ಕಾಲ ಬಾಳುವುದು ನಿಜ. ಆದರೆ ನೆಲದ ಮೇಲಿನ ಕೊಳಕ್ಕೆ ಸುತ್ತಲೂ ಕಾಲಿಟ್ಟು ನಿಲ್ಲಲು ಕಟ್ಟೆಯಿರುವುದಿಲ್ಲ, ಮೆತ್ತನೆಯ ಗೋಡೆಯ ಕೊಳಗಳಿಗೆ ಹಾಳೆ ಸುತ್ತುವ ರೀಲನ್ನು ಕೂರಿಸಲು ಗಟ್ಟಿಯಾದ ಅಂಚೂ ಇರುವುದಿಲ್ಲ. ಹೊರಗಿನಿಂದ ಕೈಚಾಚಿ ಎಳೆಯುವ ಒಬ್ಬರ ಶಕ್ತಿಗೆ ಮೀರಿದ ಹಾಳೆಯಾದರೆ, ಅದನ್ನು ಪೂರ್ತಿ ತೆಗೆಯುವ ಬದಲು ಅರ್ಧ ಸರಿಸಿ ನೀರಿಗಿಳಿಯುವ ಅಭ್ಯಾಸ ಬೆಳೆಯುತ್ತದೆ. ಅರ್ಧ ಮುಚ್ಚಿದ ಕೊಳದಷ್ಟು ಕೆಟ್ಟದ್ದು ಬೇರೊಂದಿಲ್ಲ. ತೇಲುವ ಹಾಳೆಯ ಅಡಿಗೆ ಜಾರಿದವರಿಗೆ ತಲೆಯೆತ್ತುವ ದಾರಿ ಸಿಗುವುದಿಲ್ಲ. ದಡದಲ್ಲಿ ನಿಂತವರಿಗೆ ಅವರು ಕಾಣುವುದೂ ಇಲ್ಲ. ಆದ್ದರಿಂದ ಮನೆಯವರು ದಿನವೂ ಸಲೀಸಾಗಿ ಪೂರ್ತಿ ತೆಗೆಯಬಲ್ಲಷ್ಟು ಹಗುರವಾದ ಹಾಳೆಯನ್ನೇ, ಅದು ಬೇಗ ಸವೆದರೂ ಸರಿ, ಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ.

ಕೊಳವನ್ನು ತಿಂಗಳುಗಟ್ಟಲೆ ಬಳಸದೆ ಬಿಡುವವರಿಗೆ ಬೇಕಾದ್ದು ಬೇರೆಯೇ ಹೊದಿಕೆ: ಬೆಳಕು ಹಾಯದ, ನೇಯ್ದ ಪಾಲಿಥೀನಿನ ಬಲವಾದ ಟಾರ್ಪಾಲಿನ್. ಬೆಳಕಿಲ್ಲದ ಕಡೆ ಪಾಚಿ ಬೆಳೆಯದು. ಇದು ಕೊಳದ ಅಂಚನ್ನು ದಾಟಿ ಸುತ್ತಲೂ ಸುಮಾರು ಒಂದು ಮೀಟರ್ ಇಳಿಬೀಳುವಂತಿರಬೇಕು. ಅಂಚಿನ ತೂತುಗಳಲ್ಲಿ ತಂತಿ ಹಗ್ಗ ಪೋಣಿಸಿ, ಕೊಳದ ಮೇಲಂಚಿನ ಕೆಳಗೆ ಬಿಗಿದು ಕಟ್ಟಬೇಕು. ಸಡಿಲ ಬಿಟ್ಟರೆ ಗಾಳಿ ಅಡಿಗೆ ನುಗ್ಗಿ ಹರಿದುಹಾಕುತ್ತದೆ. ನೀರು ಹೆಪ್ಪುಗಟ್ಟುವ ಚಳಿ ಇರುವ ಕಡೆಗಳಲ್ಲಿ ನಡುವೆ ಗಾಳಿದಿಂಬನ್ನು ತೇಲಿಬಿಡುತ್ತಾರೆ. ಹಿಗ್ಗುವ ಮಂಜುಗಡ್ಡೆ ಗೋಡೆಯನ್ನು ಒತ್ತುವ ಬದಲು ಆ ದಿಂಬನ್ನು ಒತ್ತಲೆಂಬುದು ಅದರ ಉದ್ದೇಶ.

ಇಂಥ ಹೊದಿಕೆಯ ಮೇಲೆ ನಿಲ್ಲುವ ಮಳೆನೀರನ್ನು ಯಾರೂ ಹಗುರವಾಗಿ ಕಾಣಬಾರದು. ನಾಲ್ಕೂವರೆ ಮೀಟರ್ ಅಡ್ಡಳತೆಯ ದುಂಡು ಕೊಳದ ಮೇಲೆ ಒಂದೇ ಸೆಂಟಿಮೀಟರ್ ನೀರು ನಿಂತರೂ ಅದರ ತೂಕ ಸುಮಾರು 160 ಕಿಲೋ. ಹತ್ತು ಸೆಂಟಿಮೀಟರ್ ನಿಂತರೆ ಒಂದೂವರೆ ಟನ್ನಿಗೂ ಹೆಚ್ಚು. ಒಳಗೆ ನೀರು ತುಂಬಿರುವವರೆಗೆ ಆ ಭಾರವನ್ನು ಅಡಿಯ ನೀರೇ ಹೊರುತ್ತದೆ. ಎಲ್ಲೋ ಸೋರಿ ಒಳಗಿನ ಮಟ್ಟ ಕುಸಿದರೆ ಭಾರವೆಲ್ಲ ಹಗ್ಗಕ್ಕೂ ಗೋಡೆಗೂ ಬಿದ್ದು, ತೆಳುವಾದ ಗೋಡೆ ಒಳಕ್ಕೆ ಬಾಗುತ್ತದೆ. ಹೊದಿಕೆಯ ಕೆಳಗಿನ ಮಟ್ಟವನ್ನು ಆಗಾಗ ನೋಡಬೇಕು, ಮೇಲೆ ನಿಂತ ನೀರನ್ನು ಸಣ್ಣ ಪಂಪಿನಿಂದ ಹೊರಹಾಕುತ್ತಿರಬೇಕು. ನಿಂತ ನೀರಿನಲ್ಲಿ ವಾರ ಹತ್ತು ದಿನಗಳೊಳಗೆ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಇನ್ನು ನಾನು ಈ ಪತ್ರ ಬರೆಯಲು ಮುಖ್ಯ ಕಾರಣವಾದ ವಿಷಯ. ಮೇಲೆ ಹೇಳಿದ ಎರಡು ಹೊದಿಕೆಗಳಲ್ಲಿ ಒಂದೂ ಮನುಷ್ಯರ ಭಾರ ಹೊರುವುದಕ್ಕಾಗಿ ಮಾಡಿದ್ದಲ್ಲ. ಸುರಕ್ಷತೆಯ ಹೊದಿಕೆ ಎನಿಸಿಕೊಳ್ಳಲು ಅಮೆರಿಕದಲ್ಲಿ ಎಎಸ್‌ಟಿಎಂ ಎಫ್ 1346 ಎಂಬ ಮಾನದಂಡವಿದ್ದು, ಎಂಟು ಅಡಿಗಿಂತ ಅಗಲವಾದ ಕೊಳದ ಹೊದಿಕೆಯು ಇಬ್ಬರು ವಯಸ್ಕರು ಮತ್ತು ಒಂದು ಮಗುವಿನ ತೂಕಕ್ಕೆ ಸಮನಾದ ಸುಮಾರು 220 ಕಿಲೋ ಭಾರವನ್ನು ತಡೆಯಬೇಕು, ಮಳೆನೀರು ಮೇಲೆ ನಿಲ್ಲದೆ ಬಸಿದುಹೋಗಬೇಕು, ಅಂಚಿನಲ್ಲಿ ಮಗು ನುಸುಳುವಷ್ಟು ಸಂದು ಇರಬಾರದು ಎಂದು ಅದು ವಿಧಿಸುತ್ತದೆ. ಅಂಥ ಹೊದಿಕೆಗಳನ್ನು ಸಾಮಾನ್ಯವಾಗಿ ಕೊಳದ ಸುತ್ತಲಿನ ಕಾಂಕ್ರೀಟು ಕಟ್ಟೆಗೆ ಮೊಳೆಯಂತೆ ಹೂತ ಕೀಲುಗಳಿಗೆ ಬಿಗಿಯುತ್ತಾರೆ. ನೆಲದ ಮೇಲೆ ನಿಂತ ಕೊಳಕ್ಕೆ ಆ ಕಟ್ಟೆಯೇ ಇಲ್ಲದ್ದರಿಂದ, ಅದಕ್ಕೆಂದು ಮಾರುವ ಹೊದಿಕೆಗಳಲ್ಲಿ ಹೆಚ್ಚಿನವು ಈ ಪರೀಕ್ಷೆಯ ಹತ್ತಿರಕ್ಕೂ ಸುಳಿಯುವುದಿಲ್ಲ. ಫ್ರಾನ್ಸಿನಲ್ಲಿ ಖಾಸಗಿ ಕೊಳಗಳಿಗೆ ಸುರಕ್ಷತಾ ವ್ಯವಸ್ಥೆಯನ್ನು ಕಡ್ಡಾಯ ಮಾಡಿದ 2003ರ ಕಾನೂನು ಕೂಡ ನೆಲದೊಳಗೆ ಪೂರ್ತಿಯಾಗಿ ಅಥವಾ ಅರ್ಧ ಹೂತ ಕೊಳಗಳಿಗಷ್ಟೇ ಅನ್ವಯಿಸುತ್ತದೆ.

ಗೋಡೆಯ ಎತ್ತರವೇ ಸಾಕೆಂಬ ವಾದವೂ ನಿಲ್ಲುವುದಿಲ್ಲ. 2025ರ ಜುಲೈನಲ್ಲಿ ಅಮೆರಿಕದಲ್ಲಿ ನಾಲ್ಕು ಅಡಿ ಮತ್ತು ಅದಕ್ಕಿಂತ ಎತ್ತರದ ಸುಮಾರು 50 ಲಕ್ಷ ಕೊಳಗಳನ್ನು ದೋಷಯುಕ್ತವೆಂದು ಘೋಷಿಸಲಾಯಿತು. ಕಂಬಗಳ ಹೊರಮೈಯನ್ನು ಸುತ್ತಿದ್ದ ಬಿಗಿಪಟ್ಟಿಯ ಮೇಲೆ ಕಾಲಿಟ್ಟು ಹತ್ತಿ ಒಂಬತ್ತು ಪುಟ್ಟ ಮಕ್ಕಳು ಮುಳುಗಿ ಸತ್ತಿರಬಹುದೆಂಬುದು ಅದಕ್ಕೆ ಕಾರಣವಾಗಿತ್ತು. ಅಷ್ಟು ಹತ್ತಬಲ್ಲ ಮಗು ಮೇಲೆ ತಲುಪಿದಾಗ ಎದುರಾಗುವುದು ತೆಳುವಾದ ಹಾಳೆ. ನೋಡುವುದಕ್ಕೆ ಅದು ನೆಲದಂತೆಯೇ ಇರುತ್ತದೆ. ಕಾಲಿಟ್ಟರೆ ಹಾಳೆ ಮಗುವಿನ ಮೈಗೆ ಸುತ್ತಿಕೊಂಡು ಒಳಗೆಳೆಯುತ್ತದೆ, ಮತ್ತು ಮುಳುಗುವ ಮಗು ಕೂಗುವುದಿಲ್ಲ.

ಆದುದರಿಂದ ಮಗುವಿನ ರಕ್ಷಣೆಯನ್ನು ಹೊದಿಕೆಗೆ ಬಿಡದೆ ಬೇಲಿಗೆ, ಬೀಗಕ್ಕೆ ಮತ್ತು ದೊಡ್ಡವರ ಕಣ್ಣಿಗೆ ಒಪ್ಪಿಸಬೇಕು. ಕೊಳದ ನಾಲ್ಕೂ ಬದಿಗೆ ನಾಲ್ಕು ಅಡಿಗೆ ಕಡಿಮೆಯಿಲ್ಲದ ಬೇಲಿ, ತಾನಾಗಿಯೇ ಮುಚ್ಚಿಕೊಂಡು ಚಿಲಕ ಬೀಳುವ ಬಾಗಿಲು ಇರಬೇಕು. ಈಜು ಮುಗಿದ ಕೂಡಲೇ ಏಣಿಯನ್ನು ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಬೇಕು. ಪಂಪು, ಕುರ್ಚಿ, ಹೂಕುಂಡ, ಹೀಗೆ ಮೆಟ್ಟಿಲಾಗಬಲ್ಲ ಯಾವುದೂ ಗೋಡೆಯ ಪಕ್ಕದಲ್ಲಿರಬಾರದು.

ಮಾರಾಟಗಾರರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೊದಿಕೆಯ ಪೊಟ್ಟಣದ ಮೇಲೆ, ಕೊಳ್ಳುವವರು ಓದಬಲ್ಲ ಭಾಷೆಯಲ್ಲಿ, ಹೊದಿಕೆ ಯಾವ ಕೆಲಸಕ್ಕೆಂಬುದನ್ನೂ ಅದು ಮನುಷ್ಯರ ಭಾರವನ್ನು ಹೊರುತ್ತದೆಯೋ ಇಲ್ಲವೋ ಎಂಬುದನ್ನೂ ದಪ್ಪಕ್ಷರಗಳಲ್ಲಿ ಅಚ್ಚು ಹಾಕಲಿ. ಮಗು ನಗುತ್ತಾ ಹೊದಿಕೆಯ ಪಕ್ಕ ನಿಂತಿರುವ ಚಿತ್ರಗಳನ್ನು ಜಾಹೀರಾತಿನಲ್ಲಿ ಬಳಸುವುದನ್ನು ಬಿಡಲಿ. ತಮ್ಮ ಪತ್ರಿಕೆಯೂ ಇನ್ನು ಮುಂದೆ ಈ ಕೊಳಗಳ ಬಗ್ಗೆ ಬರೆಯುವಾಗ ಪಂಪಿನ ವಿವರಕ್ಕೆ ಕೊಡುವಷ್ಟೇ ಜಾಗವನ್ನು ಹೊದಿಕೆಗೂ ಬೇಲಿಗೂ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ,
ತಮ್ಮ ಓದುಗ